ಹೊರೆ ಇಳಿಸುವ ಎತ್ತರ

ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ತಾನು ಹಿಂದೆ ಸರಿದು ನಿಂತದ್ದು ಯಾಕೆ ಎಂಬುದು ಮಂಡಲ ಪಂಚಾಯತಿನ ಸಭೆಯಲ್ಲಿ ಕೂತ ಮೇಲೂ ವೇದಾವತಿಗೆ ತಿಳಿಯಲಿಲ್ಲ. ಹೇಸಿಗೆ ಎಂದುಕೊಂಡರೆ ಅದು ಪೂರ್ತಿ ನಿಜವಾಗಿರಲಿಲ್ಲ, ಭಯವೂ ಅಲ್ಲ. ಕಡಲಿನಿಂದ ಬರುವ ಮಣ್ಣಿನ ದಾರಿ ಹೆದ್ದಾರಿಗೆ ಸೇರುವಲ್ಲಿ ಮೀನಿನ ಬುಟ್ಟಿ ಹೊತ್ತು ಟೆಂಪೋ ಕಾಯುತ್ತ ನಿಂತಿದ್ದ ಹೆಂಗಸು ಇವಳ ಕಡೆಗೇ ತಿರುಗಿ, "ಒಂಜಿ ಕೈ ಕೊರ್ಲೆ ಅಮ್ಮಾ" ಎಂದಿದ್ದಳು. ಬುಟ್ಟಿ ಇಳಿಸಲಿಕ್ಕೆ ಒಂದು ಕೈ ಕೊಡಿ, ಅಷ್ಟೇ. ಅವಳ ಹೆಸರು ಅಕ್ಕು ಎಂದು ವೇದಾವತಿಗೆ ಗೊತ್ತಿತ್ತು. ಮದುವೆಯಾಗಿ ಪಡುಬೈಲಿಗೆ ಬಂದಾಗಿನಿಂದ ಅವಳ ಕೂಗು ಗೇಟಿನಾಚೆ ಹಾದುಹೋಗುವುದನ್ನು ಕೇಳುತ್ತ ಬಂದಿದ್ದಳು. ಮೀನು ತಿನ್ನದ ಮನೆಯಾದ್ದರಿಂದ ಅಲ್ಲಿಗೆ ಬಂದಾಗ ಮಾತ್ರ ಕೂಗು ತಗ್ಗುತ್ತಿತ್ತು, ಅಲ್ಲಿಂದ ಮುಂದೆ ಮತ್ತೆ ಏರುತ್ತಿತ್ತು. ಇಂದು ಹತ್ತಿರದಿಂದ ನೋಡಿದಾಗ ಬುಟ್ಟಿಯ ತಳದಿಂದ ನೀರು ಸಣ್ಣಗೆ ಇಳಿದು ಅಕ್ಕುವಿನ ಕಿವಿಯ ಹಿಂದಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ರವಿಕೆಯೊಳಕ್ಕೆ ಹೋಗುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳಲು ಕೈ ಎಲ್ಲಿ? ಅಷ್ಟರಲ್ಲಿ ಬಸ್ಸು ಬಂತು, ವೇದಾವತಿ ಹತ್ತಿ ಕೂತಳು. ಕಿಟಕಿಯಿಂದ ನೋಡಿದರೆ ಅಕ್ಕು ಇನ್ನೂ ಹಾಗೆಯೇ ನಿಂತಿದ್ದಳು, ಕುತ್ತಿಗೆ ಕಂಬದ ಹಾಗೆ ನೆಟ್ಟಗೆ. ಕಣ್ಣು ಮಾತ್ರ ರಸ್ತೆಯ ಈ ಕಡೆ ಆ ಕಡೆ ಯಾರನ್ನೋ ಹುಡುಕುತ್ತಿತ್ತು.

ಸಭೆ ನಡೆಯುತ್ತಿದ್ದುದು ಸೊಸೈಟಿಯ ಉಪ್ಪರಿಗೆಯಲ್ಲಿ. ಎಂಬತ್ತೇಳರ ಚುನಾವಣೆಯಲ್ಲಿ ಹೆಂಗಸರಿಗೆಂದು ಸ್ಥಾನ ಮೀಸಲಾದಾಗ ಪಡುಬೈಲಿನ ದೊಡ್ಡವರೆಲ್ಲ ಕೂತು, ಯಾರ ತಕರಾರೂ ಇರದ ಒಂದು ಹೆಸರು ಬೇಕು ಎಂದು ಯೋಚಿಸಿ, ರಾಮದಾಸ ಮಾಸ್ಟ್ರ ಹೆಂಡತಿ ಎಂದು ತೀರ್ಮಾನಿಸಿದ್ದರು. ಮೆಟ್ರಿಕ್ ಆಗಿದೆ, ಜಾಸ್ತಿ ಮಾತಿಲ್ಲ. ಎದುರಾಳಿ ಇರಲಿಲ್ಲ. ವೇದಾವತಿಯನ್ನು ಯಾರಾದರೂ ಕೇಳಿದ್ದರೋ ಇಲ್ಲವೋ ಅವಳಿಗೇ ಈಗ ನೆನಪಿಲ್ಲ. ಕೇಳಿದ್ದರೆ ಆಗಲಿ ಎಂದಿರಬೇಕು. ಬಾಗಿಲ ಹತ್ತಿರದ ಬೆಂಚಿನಲ್ಲಿ ಅವಳೂ ಇನ್ನೊಂದು ವಾರ್ಡಿನ ಕಾನ್ಸೆಪ್ಟಾ ಬಾಯಿಯೂ ಕೂರುತ್ತಿದ್ದರು. ಗಂಡಸರು ಮಾತಾಡುತ್ತಿದ್ದರು. ಮೋರಿ, ಜಲ್ಲಿ, ಮಂಜೂರು, ಅಂದಾಜು ಎಂಬ ಮಾತುಗಳು ಫ್ಯಾನಿನ ಗಾಳಿಯ ಜೊತೆ ತಲೆಯ ಮೇಲೆ ತಿರುಗುತ್ತಿದ್ದವು. ಚಹಾ ಬಂದಾಗ ಕುಡಿದು, ಕೈ ಎತ್ತಿ ಎಂದಾಗ ಎತ್ತುವುದು, ಇಷ್ಟೇ ಕೆಲಸ. ಅದರಲ್ಲಿ ಅವಮಾನವೇನಾದರೂ ಇದೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಇಂದು ಮಾತ್ರ ಎತ್ತಿದ ಕೈಯನ್ನು ಇಳಿಸುವಾಗ, ಇದೇ ಕೈ ಬೆಳಿಗ್ಗೆ ಯಾಕೆ ಏಳಲಿಲ್ಲ ಎಂಬ ಪ್ರಶ್ನೆ ನೊಣದ ಹಾಗೆ ಬಂದು ಕೂತಿತು.

"ಸರಕಾರದಿಂದ ಈ ಸಲ ಹಣ ಬಂದಿದೆ," ಎಂದರು ಪ್ರಧಾನ ಅನಂತಪದ್ಮನಾಭ ರಾಯರು. ವಯಸ್ಸಾದ, ಮೆದುಮಾತಿನ ಮನುಷ್ಯ. "ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿಗೆ ಒಂದೊಂದು ಕೆಲಸ ಹೇಳಬೇಕು. ಮಾರ್ಚಿನ ಒಳಗೆ ಮುಗಿಯಬೇಕು, ಇಲ್ಲದಿದ್ದರೆ ಬಂದ ಹಾಗೇ ಹಿಂದೆ ಹೋಗುತ್ತದೆ. ವೇದಾವತಿಯಮ್ಮ, ನಿಮ್ಮ ಕಡೆಗೆ ಎಂತ ಬೇಕು?"

"ಕೇಳಿ ಹೇಳುತ್ತೇನೆ," ಎಂದಳು ವೇದಾವತಿ.

"ಅವಸರ ಇಲ್ಲ. ಮಾಸ್ಟ್ರನ್ನು ಕೇಳಿಕೊಂಡೇ ಬನ್ನಿ," ಎಂದ ಉಪಪ್ರಧಾನ ತಾರಾನಾಥ. ಹೆದ್ದಾರಿಯಲ್ಲಿ ಅವನಿಗೆ ಸಿಮೆಂಟಿನ ಅಂಗಡಿ ಇತ್ತು. ನಾಲ್ಕೈದು ಜನ ನಕ್ಕರು, ಕೆಟ್ಟ ನಗುವೇನಲ್ಲ, ಮನೆಯವರ ನಗು. ವೇದಾವತಿಯೂ ನಕ್ಕಳು. ಆದರೆ ಕೇಳಿ ಹೇಳುತ್ತೇನೆ ಎಂದಾಗ ತನ್ನ ಮನಸ್ಸಿನಲ್ಲಿ ಗಂಡ ಇರಲಿಲ್ಲ ಎಂಬುದು ಮೆಟ್ಟಿಲು ಇಳಿಯುವಾಗ ಅವಳ ಗಮನಕ್ಕೆ ಬಂತು. ಹಾಗಾದರೆ ಯಾರಿದ್ದರು?

ಗಂಡನನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ರಾಮದಾಸರಿಗೆ ಉತ್ತರ ಮೊದಲೇ ಸಿದ್ಧವಾಗಿತ್ತು. ಕಾಪುವಿನ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದ ಅವರು ಬೆಳಿಗ್ಗೆ ಸೈಕಲ್ಲಿನಲ್ಲಿ ಹೆದ್ದಾರಿಯ ತನಕ ಹೋಗಿ, ವಲೇರಿಯನ್ನನ ಸೋಡಾ ಅಂಗಡಿಯ ಬದಿಗೆ ಅದನ್ನು ಒರಗಿಸಿ ಬಸ್ಸು ಹತ್ತುತ್ತಿದ್ದರು. ಮಳೆಗಾಲದಲ್ಲಿ ಮನೆಯ ದಾರಿ ಕೆಸರಾಗಿ ಚಕ್ರ ಹೂತುಹೋಗುತ್ತಿತ್ತು. "ಹೆದ್ದಾರಿಯಿಂದ ನಮ್ಮ ಗೇಟಿನ ತನಕ ಜಲ್ಲಿ ಹಾಕಿ ಟಾರು ಎಳೆದರೆ ಸಾಕು. ನಮಗೊಬ್ಬರಿಗೇ ಅಲ್ಲವಲ್ಲ, ದಾರಿಯಲ್ಲಿ ಮನೆಗಳುಂಟು," ಎಂದರು ಊಟಕ್ಕೆ ಕೂತಾಗ. ಸ್ವಾರ್ಥಿ ಮನುಷ್ಯನಲ್ಲ ಅವರು. ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ವೇದಾವತಿ ಸಾರು ಬಡಿಸುತ್ತ ಹೂಂ ಎಂದಳು. ಆಮೇಲೆ, ತನಗೇ ಆಶ್ಚರ್ಯವಾಗುವಂತೆ, "ಮೀನಿನ ಬುಟ್ಟಿ ಎಷ್ಟು ಭಾರ ಇರಬಹುದು?" ಎಂದು ಕೇಳಿದಳು. ರಾಮದಾಸರು ತುತ್ತನ್ನು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದರು. ಊಟದ ಹೊತ್ತಿನಲ್ಲಿ ಆ ಮನೆಯಲ್ಲಿ ಬರುವ ಶಬ್ದವಲ್ಲ ಅದು.

ಮರುದಿನ ಮಧ್ಯಾಹ್ನ ಅವಳು ಕಡಲಿನ ದಾರಿ ಹಿಡಿದಳು. ಹಗಲೂ ರಾತ್ರಿಯೂ ಕಿವಿಗೆ ಬೀಳುವ ಕಡಲು. ಆಷಾಢದಲ್ಲಿ ಮಾತು ಕೇಳದಷ್ಟು ಜೋರಾಗಿ ಮೊರೆಯುವ ಕಡಲು. ಆದರೆ ಈ ದಾರಿಯಲ್ಲಿ ನಡೆದು ಹೋಗಿ ಅದನ್ನು ನೋಡಿದ್ದು, ಮಾವನ ಬೂದಿ ಬಿಡಲು ಎಲ್ಲರೊಟ್ಟಿಗೆ ಬಂದಾಗ ಮಾತ್ರ. ತನ್ನ ವಾರ್ಡು ಎಂದರೆ ಇದು. ಇಲ್ಲಿಯವರ ಪರವಾಗಿ ತಾನು ಕೈ ಎತ್ತುತ್ತಿದ್ದೇನೆ. ದಾರಿಯ ಎರಡೂ ಬದಿ ಬಲೆ ಒಣಹಾಕಿದ್ದರು. ಹಗ್ಗದ ಮೇಲೆ ಕೂತ ಕಾಗೆ ಅವಳನ್ನು ನೋಡಿ ಹಾರಲಿಲ್ಲ. ಮರಳಿನಲ್ಲಿ ಚಪ್ಪಲಿ ಹೂತು ಹೂತು ಕೊನೆಗೆ ಕೈಯಲ್ಲಿ ಹಿಡಿದುಕೊಂಡಳು. ಬಿಸಿ ಮರಳು ಅಂಗಾಲಿಗೆ ತಾಗಿದಾಗ ಚಿಕ್ಕ ಹುಡುಗಿಯ ಹಾಗೆ ಕುಪ್ಪಳಿಸಬೇಕಾಯಿತು, ಯಾರಾದರೂ ನೋಡಿದರೋ ಎಂದು ಸುತ್ತ ನೋಡಿದಳು. ನೋಡಿದ್ದರು. ಜಗಲಿಯಲ್ಲಿ ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದಿದ್ದರು.

ಅವರಲ್ಲೇ ಇದ್ದ ಅಕ್ಕು ಎದ್ದು ನಿಂತು ಚಾಪೆ ಹಾಸಿದಳು. ಸದಸ್ಯೆ ಬಂದಿದ್ದಾಳೆ ಎಂದಾಗ ಅಕ್ಕಪಕ್ಕದವರೂ ಬಂದರು. ವೇದಾವತಿ ಸಭೆಯ ಮಾತನ್ನೇ ಒಪ್ಪಿಸಿದಳು, ಹಣ ಬಂದಿದೆ, ಒಂದು ಕೆಲಸ ಹೇಳಬೇಕು, ನಿಮಗೆ ಎಂತ ಬೇಕು ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿ, ನಳ್ಳಿ ನೀರು ಎಂದರು, ಲೈಟುಕಂಬ ಎಂದರು. ಕೇಳುವವರು ಬಂದಾಗೆಲ್ಲ ಹೇಳಿ ರೂಢಿಯಾದ ಉತ್ತರ, ನೆಂಟರು ಬಂದಾಗ ಚಹಾ ಮಾಡಿ ಕೊಡುವ ಹಾಗೆ. ವೇದಾವತಿ ತಲೆಯಾಡಿಸಿದಳು. ಮಾತು ಮುಗಿದ ಹಾಗಾಯಿತು. ಏಳಬೇಕು. ಏಳಲಿಲ್ಲ.

"ನಿನ್ನೆ ನೀನು ಎಷ್ಟು ಹೊತ್ತು ನಿಂತೆ?" ಎಂದು ಅಕ್ಕುವನ್ನು ಕೇಳಿದಳು.

ಅಕ್ಕು ಮೊದಲು ಅರ್ಥವಾಗದವಳ ಹಾಗೆ ಮಾಡಿದಳು. ಆಮೇಲೆ ನಕ್ಕಳು. "ನೀವು ಬಸ್ಸು ಹತ್ತಿದ ಮೇಲಾ? ಅದೆಲ್ಲ ಯಾರು ನೋಡ್ತಾರೆ. ಒಬ್ಬ ಲಾರಿಯವ ನೀರು ಕುಡಿಯಲಿಕ್ಕೆ ನಿಲ್ಲಿಸಿದ, ಅವ ಇಳಿಸಿದ."

"ನೀನೇ ಇಳಿಸಲಿಕ್ಕೆ ಆಗುವುದಿಲ್ವಾ?"

"ಹೊತ್ತುಕೊಂಡು ಶಿರ್ವದ ತನಕ ಬೇಕಾದರೂ ಹೋಗಬಹುದು ಅಮ್ಮ. ಇಳಿಸಲಿಕ್ಕೆ ಒಬ್ಬಳಿಂದ ಆಗುವುದಿಲ್ಲ. ಬಗ್ಗಿದರೆ ಮೀನೆಲ್ಲ ರಸ್ತೆಗೆ. ಇಳಿಸಿದ ಮೇಲೆ ಏರಿಸಲಿಕ್ಕೆ ಪುನಃ ಒಬ್ಬರು ಬೇಕು. ಟೆಂಪೋದವ ಕಾರ್ಕಳದಲ್ಲಿ ಬಿಟ್ಟು ಹೋದರೆ ಅಲ್ಲಿಯೂ ಅದೇ. ಮೀನು ಬೇಡದವರ ಹತ್ತಿರ ಕೈ ಕೊಡಿ ಅಂತ ಕೇಳಬೇಕು. ಕೆಲವರು ಕೊಡ್ತಾರೆ. ಕೆಲವರಿಗೆ ಕೇಳುವುದಿಲ್ಲ." ಕೇಳುವುದಿಲ್ಲ ಎಂದಾಗ ಅಕ್ಕು ಇವಳ ಮುಖ ನೋಡಲಿಲ್ಲ. ಅದು ಉಪಕಾರವೋ ಚುಚ್ಚು ಮಾತೋ ಎಂದು ವೇದಾವತಿ ಯೋಚಿಸಿದಳು. ಯೋಚಿಸುತ್ತಿರುವಾಗಲೇ ಅವಳ ಬಾಯಿಂದ ಇನ್ನೊಂದು ಮಾತು ಹೊರಟುಹೋಯಿತು. "ನಾನೊಮ್ಮೆ ಹೊತ್ತು ನೋಡಬಹುದಾ?"

ಹೆಂಗಸರು ಈ ಸಲ ಸೆರಗು ಅಡ್ಡ ಹಿಡಿಯದೆ ನಕ್ಕರು. ಅಕ್ಕು ಮಾತ್ರ ಗಂಭೀರವಾದಳು. "ಬೇಡ ಅಮ್ಮ. ನೀವು ಮುಟ್ಟಿದ್ದು ಅಂತ ಗೊತ್ತಾದರೆ ನನ್ನ ಮೀನು ಯಾರು ತಗೊಳ್ತಾರೆ? ಭಟ್ರ ಮನೆಯ ನೈವೇದ್ಯ ಅಂತ ತಮಾಷೆ ಮಾಡ್ತಾರೆ." ಆದರೂ ವೇದಾವತಿ ಕೂತಲ್ಲಿಂದ ಎದ್ದು ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಾಗ ಅಕ್ಕುವಿನ ಕಣ್ಣಿನಲ್ಲಿಯೂ ಏನೋ ಒಂದು ಮಿಂಚಿತು, ಈ ಹೆಂಗಸು ಎಲ್ಲಿಯ ತನಕ ಹೋಗುತ್ತಾಳೆ ನೋಡುವ ಎಂಬಂಥದ್ದು. ಸಂಜೆಯ ಟೆಂಪೋಗೆ ಹೇಗೂ ಅರ್ಧ ಬುಟ್ಟಿ ಬಂಗುಡೆ ಕೊಂಡುಹೋಗಲಿಕ್ಕಿತ್ತು. ಬಟ್ಟೆ ಸುತ್ತಿ ಸಿಂಬಿ ಮಾಡಿ ಇವಳ ನೆತ್ತಿಯ ಮೇಲಿಟ್ಟು, ಇಬ್ಬರು ಸೇರಿ ಬುಟ್ಟಿ ಏರಿಸಿದರು.

ಮೊದಲು ತಿಳಿದದ್ದು ಭಾರವಲ್ಲ, ತಂಪು. ಆಮೇಲೆ ಭಾರ ನೆತ್ತಿಯಿಂದ ಹೊರಟು ಬೆನ್ನುಮೂಳೆಯ ಒಂದೊಂದೇ ಗಂಟನ್ನು ಮುಟ್ಟುತ್ತ ಕೆಳಗಿಳಿಯಿತು. ತನಗೆ ಇಷ್ಟೆಲ್ಲ ಗಂಟುಗಳಿವೆಯೆಂದು ಅವಳಿಗೆ ತಿಳಿದೇ ಇರಲಿಲ್ಲ. ವಾಸನೆ ಮೂಗಿಗೆ ಬಡಿದು, ಸ್ವಲ್ಪ ಹೊತ್ತಿನಲ್ಲಿ ಇಲ್ಲವಾಯಿತು. ಅಷ್ಟು ಬೇಗ ಇಲ್ಲವಾಗುವ ಒಂದು ವಾಸನೆಗೆ ತಾನು ಇಷ್ಟು ವರ್ಷ ಮೂಗು ಮುಚ್ಚಿಕೊಂಡದ್ದೇ? ಕೆಳಗೆ ನೋಡುವ ಹಾಗಿಲ್ಲ. ಕಾಲು ತಾನೇ ದಾರಿ ಹುಡುಕಬೇಕು. ಅಕ್ಕು ಬದಿಯಲ್ಲಿ ನಡೆಯುತ್ತ, "ಕುತ್ತಿಗೆ ಗಟ್ಟಿ ಮಾಡಬೇಡಿ, ಸೊಂಟ ಬಿಡಿ," ಎನ್ನುತ್ತಿದ್ದಳು. ಸೊಂಟ ಬಿಡುವುದು. ಮದುವೆಯಾದ ಹೊಸದರಲ್ಲಿ ಅತ್ತೆ ಹೇಳಿಕೊಟ್ಟದ್ದು ಅದರ ತದ್ವಿರುದ್ಧ, ಹೆಂಗಸು ನಡೆದರೆ ಸೊಂಟ ಆಡಬಾರದು. ನೀರು ಕಿವಿಯ ಹಿಂದೆ ಇಳಿಯಿತು, ಕುತ್ತಿಗೆಗೆ ಬಂತು, ರವಿಕೆಯೊಳಗೆ ಹೋಯಿತು. ಅದರ ದಾರಿ ಅವಳಿಗೆ ಮೊದಲೇ ಗೊತ್ತಿದ್ದ ಹಾಗಿತ್ತು.

ಹೆದ್ದಾರಿಯ ಬಾಯಿಗೆ ಬಂದಾಗ ಅಕ್ಕು ಸೊಂಟ ತಡವಿಕೊಂಡು, "ಸಂಚಿ ಬಿಟ್ಟು ಬಂದೆ. ಇಲ್ಲೇ ನಿಲ್ಲಿ, ಈಗ ಬಂದೆ," ಎಂದು ತಿರುಗಿ ಓಡಿದಳು. ವೇದಾವತಿ ಒಬ್ಬಳೇ ಉಳಿದಳು.

ನಿಂತಳು. ಬೇರೆ ಏನೂ ಮಾಡುವ ಹಾಗಿರಲಿಲ್ಲ. ಮಂಗಳೂರಿನ ಕಡೆಗೆ ಒಂದು ಬಸ್ಸು ಹೋಯಿತು, ಕಿಟಕಿಗಳಲ್ಲಿ ಮುಖಗಳು ತಿರುಗಿದವು. ಒಳ್ಳೆಯ ಕೈಮಗ್ಗದ ಸೀರೆ, ಕಿವಿಯಲ್ಲಿ ಬೆಂಡೋಲೆ, ತಲೆಯ ಮೇಲೆ ಬಂಗುಡೆ. ಸ್ಕೂಟರಿನಲ್ಲಿ ಬಂದ ತಾರಾನಾಥ ಮೊದಲು ವೇಗ ಕಡಿಮೆ ಮಾಡಿದ, ಬಾಯಿ ತೆರೆದ, ಮತ್ತೆ ವೇಗ ಏರಿಸಿದ. ನಾಚಿಕೆ ಈಗ ಬರಬೇಕು ಎಂದು ವೇದಾವತಿ ಕಾದಳು. ಬಂತು, ಆದರೆ ಅಂದುಕೊಂಡ ಜಾಗದಲ್ಲಿ ಅಲ್ಲ, ಮುಖದಲ್ಲಿ ಅಲ್ಲ. ನಿಂತು ನೋಯತೊಡಗಿದ್ದ ಕಾಲಿನಲ್ಲಿ ಬಂತು. ಚಿಕ್ಕವಳಿದ್ದಾಗ, ತವರೂರಾದ ಅಜೆಕಾರಿನಿಂದ ಅಪ್ಪ ಒಮ್ಮೆ ಅವಳನ್ನು ಕಾರ್ಕಳದ ಗೊಮ್ಮಟನನ್ನು ತೋರಿಸಲಿಕ್ಕೆ ಕರೆದುಕೊಂಡು ಹೋಗಿದ್ದರು. ಬಂಡೆ ಹತ್ತಿ ಸುಸ್ತಾದ ಹುಡುಗಿ ತಲೆ ಎತ್ತಿ ನೋಡಿ, ಇವನು ಕೂತುಕೊಳ್ಳುವುದು ಯಾವಾಗ ಎಂದು ಕೇಳಿದ್ದಳು. ಸುತ್ತಲಿದ್ದವರು ನಕ್ಕರು, ಅಪ್ಪನಿಗೆ ಅವಮಾನವಾಯಿತು. ಮನೆಗೆ ಬಂದ ಮೇಲೆ ಅವರು ಅಮ್ಮನಿಗೆ, ಇವಳ ಬಾಯಿ ಹೊಲಿಯಬೇಕು ಎಂದರು. ಯಾರೂ ಹೊಲಿಯಬೇಕಾಗಲಿಲ್ಲ. ತಾನೇ ಹೊಲಿದುಕೊಂಡಿರಬೇಕು, ಯಾವಾಗ ಎಂದು ಗೊತ್ತಾಗದ ಹಾಗೆ. ಆದರೆ ಕೇಳಿದ್ದರಲ್ಲಿ ತಪ್ಪೇನಿತ್ತು? ಅಷ್ಟು ಹೊತ್ತು ನಿಂತವನಿಗೆ ಕಾಲು ನೋಯುವುದಿಲ್ಲವೇ? ಈಗ ಅವಳ ಕಣ್ಣು ತಾನಾಗಿಯೇ ರಸ್ತೆಯ ಈ ಕಡೆ ಆ ಕಡೆ ಹೋಗತೊಡಗಿತು. ಬರುವವರನ್ನೆಲ್ಲ ಅದು ಅಳೆಯುತ್ತಿತ್ತು, ಇವರು ಕೈ ಕೊಡುತ್ತಾರೆ, ಇವರು ಕೊಡುವುದಿಲ್ಲ. ಇಷ್ಟು ಬೇಗ ಕಲಿಯುವ ವಿದ್ಯೆ.

ಉಡುಪಿಯ ಕಡೆಯಿಂದ ಬಂದ ಬಸ್ಸಿನಿಂದ ರಾಮದಾಸರು ಇಳಿದರು. ಬಿಳಿ ಶರ್ಟು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಸೋಡಾ ಅಂಗಡಿಯ ಕಡೆಗೆ ತಿರುಗಿದವರು ನಿಂತರು. ಆಮೇಲೆ ನಿಧಾನವಾಗಿ ರಸ್ತೆ ದಾಟಿ ಹತ್ತಿರ ಬಂದರು, ಆದರೆ ಪೂರ್ತಿ ಹತ್ತಿರ ಅಲ್ಲ.

"ಕೆಳಗಿಡು," ಎಂದರು ಸಣ್ಣ ಸ್ವರದಲ್ಲಿ.

"ಆಗುವುದಿಲ್ಲ. ಒಬ್ಬಳಿಂದ ಇಳಿಸಲಿಕ್ಕೆ ಆಗುವುದಿಲ್ಲ. ನೀವೊಂದು ಕೈ ಕೊಡಿ."

ರಾಮದಾಸರ ಕೈಗಳು ಕೊಡೆಯನ್ನೂ ಚೀಲವನ್ನೂ ಹಿಡಿದಿದ್ದವು. ಅವನ್ನು ಕೆಳಗಿಡಬಹುದಿತ್ತು. ಕೆಳಗಿಡಲು ಅವರು ಜಾಗ ಹುಡುಕುತ್ತಿರುವುದು ವೇದಾವತಿಗೆ ಕಾಣುತ್ತಿತ್ತು. ನೆಲ ಎಲ್ಲೆಡೆಯೂ ಇತ್ತು. ಅವರು ಬುಟ್ಟಿಯನ್ನು ನೋಡಿದರು, ಅವಳ ಕುತ್ತಿಗೆಯಲ್ಲಿ ಇಳಿಯುತ್ತಿದ್ದ ನೀರನ್ನು ನೋಡಿದರು, ಸೋಡಾ ಅಂಗಡಿಯಲ್ಲಿ ಕೂತವರನ್ನು ನೋಡಿದರು. "ಯಾರನ್ನಾದರೂ ಕಳಿಸುತ್ತೇನೆ," ಎಂದು ಹೇಳಿ ಹೊರಟೇಬಿಟ್ಟರು. ತಲೆ ತಿರುಗಿಸುವ ಹಾಗಿಲ್ಲದ್ದರಿಂದ ಅವರ ಬೆನ್ನು ಅವಳ ಕಣ್ಣಿನ ಅಂಚಿನಿಂದ ಬೇಗ ಜಾರಿಹೋಯಿತು. ಸ್ವಲ್ಪದರಲ್ಲಿ ವಲೇರಿಯನ್ ಒದ್ದೆ ಕೈಯನ್ನು ಲುಂಗಿಗೆ ಒರೆಸುತ್ತ ಬಂದು, ಏನೂ ವಿಶೇಷವಿಲ್ಲದವನ ಹಾಗೆ ಬುಟ್ಟಿ ಹಿಡಿದು ಇಳಿಸಿದ. "ಮಾಸ್ಟ್ರು ಹೇಳಿದ್ರು," ಎಂದ. ಭಾರ ಹೋದ ಕೂಡಲೇ ಅವಳಿಗೆ ತಾನು ನೆಲದಿಂದ ಮೇಲೇಳುತ್ತಿದ್ದೇನೆ ಅನ್ನಿಸಿ, ಬೀಳದ ಹಾಗೆ ಅವನ ಭುಜ ಹಿಡಿದುಕೊಳ್ಳಬೇಕಾಯಿತು.

ಅಕ್ಕು ಸಂಚಿ ಸಿಕ್ಕಿಸಿಕೊಳ್ಳುತ್ತ ಬಂದಳು. ವೇದಾವತಿ ಕೇಳಿದಳು, "ಬೇಕೆಂದೇ ಬಿಟ್ಟು ಹೋದದ್ದಾ?"

"ಬೇಕೆಂದು ಅಂತ ಹೇಳಲಿಕ್ಕೂ ಆಗುವುದಿಲ್ಲ," ಎಂದಳು ಅಕ್ಕು, ಬುಟ್ಟಿಯಲ್ಲಿ ಮೀನು ಸರಿಪಡಿಸುತ್ತ. "ಓಡುವಾಗ ಸ್ವಲ್ಪ ನಿಧಾನ ಓಡಿದೆ."

ಮನೆಗೆ ಬಂದಾಗ ಬಚ್ಚಲಿನ ಒಲೆ ಉರಿಯುತ್ತಿತ್ತು, ಹಂಡೆಯಲ್ಲಿ ನೀರು ಕಾಯುತ್ತಿತ್ತು. ಒಲೆ ಹಚ್ಚಿದ್ದು ರಾಮದಾಸರು. ಇಷ್ಟು ವರ್ಷದಲ್ಲಿ ಅವರು ಆ ಒಲೆಯ ಮುಂದೆ ಕೂತದ್ದನ್ನು ಅವಳು ನೋಡಿರಲಿಲ್ಲ. ಬೂದಿ ಅವರ ಪಂಚೆಯ ಅಂಚಿಗೆ ತಾಗಿತ್ತು. ಸ್ನಾನ ಮಾಡಿ ಬಂದು ಜಗಲಿಯಲ್ಲಿ ಕೂದಲು ಬಿಡಿಸಿಕೊಳ್ಳುತ್ತ ಕೂತಾಗ, ಈಗ ಸಿಟ್ಟು ಬರಬೇಕಲ್ಲ ಎಂದು ಅವಳು ತನ್ನೊಳಗೆ ತಡವಿ ನೋಡಿದಳು. ಸಿಟ್ಟು ಇತ್ತು, ಆದರೆ ಅದರ ಪಕ್ಕದಲ್ಲೇ ಬೇರೊಂದು ಕುತೂಹಲ ಬಂದು ಕೂತಿತ್ತು. ಗಂಡನ ಆ ಕೈಗಳಿಗೆ ಆಗ ಏನಾಗಿತ್ತು? ಹಿಂದಿನ ದಿನ ತನ್ನ ಕೈಗೆ ಆದದ್ದೇ?

ರಾಮದಾಸರು ಅಂಗಳದ ಕಡೆಗೆ ನೋಡುತ್ತ ಹೇಳಿದರು, "ಕೈ ಬರಲಿಲ್ಲ, ವೇದಾ."

"ಗೊತ್ತಾಯಿತು."

"ಮನಸ್ಸು ಬಂದಿತ್ತು. ಕೈ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ದಯೆ, ಧರ್ಮ ಅಂತ ಪಾಠ ಹೇಳಿದ್ದೇನೆ." ಪಂಚೆಯ ಅಂಚಿನ ಬೂದಿ ಕೊಡವುತ್ತ, "ಇನ್ನು ಆ ರಸ್ತೆಯ ವಿಷಯ ನಾನು ಹೇಳುವುದಿಲ್ಲ. ನಿನಗೆ ಹೇಗೆ ಕಾಣುತ್ತದೋ ಹಾಗೆ ಮಾಡು," ಎಂದರು. ಬಿಟ್ಟುಕೊಟ್ಟದ್ದೋ ಬಿಡಿಸಿಕೊಂಡದ್ದೋ ತಿಳಿಯದ ಸ್ವರ. ಅವಳಿಗೆ ಅವರ ಬಗ್ಗೆ ಪಾಪ ಅನ್ನಿಸಿತು. ಆದರೆ ರಸ್ತೆ ಕೇಳುತ್ತೇನೆ ಎಂದು ಹೇಳಿ ಸಮಾಧಾನ ಮಾಡಲು ನಾಲಿಗೆ ಹೊರಳಲಿಲ್ಲ.

ಮುಂದಿನ ಸಭೆಯಲ್ಲಿ ಅವಳ ಸರದಿ ಬಂದಾಗ ಎದ್ದು ನಿಂತಳು. ಕೂತೇ ಹೇಳಿ ಎಂದರು ರಾಯರು. ಕೂತರೆ ಬರಲಿಕ್ಕಿಲ್ಲ ಅನ್ನಿಸಿ ನಿಂತೇ ಇದ್ದಳು. ಬರುವ ಮೊದಲು ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ. "ಕಡಲಿನ ದಾರಿ ಹೆದ್ದಾರಿಗೆ ಸೇರುವಲ್ಲಿ ಒಂದು ಕಟ್ಟೆ ಆಗಬೇಕು. ಹೊರೆ ಇಳಿಸಲಿಕ್ಕೆ. ತಲೆಯಿಂದ ನೇರ ಜಾರಿಸಿ ಇಡುವಷ್ಟು ಎತ್ತರ. ಪುನಃ ತಲೆಗೆ ತಗೊಳ್ಳಲಿಕ್ಕೂ ಆಗುವ ಹಾಗೆ," ಎಂದಳು.

ತಾರಾನಾಥ, "ಮೇಡಂ ಪ್ರಾಕ್ಟಿಕಲ್ ಮಾಡಿಯೇ ಬಂದಿದ್ದಾರೆ. ನಾನು ನೋಡಿದ್ದೇನೆ," ಎಂದ. ನಗು ಈ ಸಲ ಮನೆಯವರ ನಗುವಾಗಿರಲಿಲ್ಲ; ಬೆಂಚಿನಿಂದ ಬೆಂಚಿಗೆ ಹೋಗಿ, ಮುಗಿಯಿತು ಎಂದಾಗ ಪುನಃ ಒಂದು ಮೂಲೆಯಲ್ಲಿ ಎದ್ದಿತು. ವೇದಾವತಿಯ ಕಿವಿ ಬಿಸಿಯಾಯಿತು. ಮುಗಿಯುವ ತನಕ ಕಾಯುವುದು ಹೇಗೆಂದು ಅವಳು ಆ ಸಂಜೆ ರಸ್ತೆಯಲ್ಲಿ ಕಲಿತಿದ್ದಳು. ಕಾದಳು.

ಆದಿ ಉಡುಪಿಯಿಂದ ಬೈಕಿನಲ್ಲಿ ಬರುತ್ತಿದ್ದ, ಮಣಿಪಾಲದಲ್ಲಿ ಕಲಿತ ಚಿಕ್ಕ ವಯಸ್ಸಿನ ಇಂಜಿನಿಯರು ಸಂಕೋಚದಿಂದ ಹೇಳಿದ, "ಬಾವಿಗೆ ಉಂಟು, ಮೋರಿಗೆ ಉಂಟು. ಈ ಕೆಲಸಕ್ಕೆ ಲೆಕ್ಕದಲ್ಲಿ ಹೆಡ್ ಇಲ್ಲ ಅಮ್ಮ. ಯಾವ ಹೆಡ್ಡಿನಲ್ಲಿ ಹಾಕುವುದು?"

"ತಲೆ ಉಂಟು," ಎಂದಳು ವೇದಾವತಿ. "ನಮ್ಮ ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಹೊರೆ ಹೊತ್ತ ತಲೆಗಳು ಎಷ್ಟೋ ಉಂಟು. ಬೇಕಾದರೆ ಬಂದು ನೋಡಿ."

ತಮಾಷೆ ಮಾಡಬೇಕೆಂದು ಹೇಳಿದ್ದಲ್ಲ. ಆದರೆ ಅನಂತಪದ್ಮನಾಭ ರಾಯರು ಕನ್ನಡಕ ತೆಗೆದು ನಕ್ಕರು, ಇನ್ನೊಬ್ಬರು ಮೇಜು ತಟ್ಟಿದರು. ಆಗ ಪಕ್ಕದಲ್ಲಿ ಕೂತಿದ್ದ ಕಾನ್ಸೆಪ್ಟಾ ಬಾಯಿ, ಇದುವರೆಗೆ ಸಭೆಯಲ್ಲಿ ಸ್ವರ ತೆಗೆಯದವರು, "ನಾನು ಅನುಮೋದಿಸುತ್ತೇನೆ," ಎಂದು ಇಗರ್ಜಿಯಲ್ಲಿ ಪ್ರಾರ್ಥನೆ ಹೇಳುವ ಹಾಗೆ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮೇಜು ತಟ್ಟಿದ ಕೈ ನಿಂತಿತು. ಇಂಜಿನಿಯರು ಸ್ವಲ್ಪ ಯೋಚಿಸಿ, ರಸ್ತೆಯ ಬದಿಯ ತಡೆಗೋಡೆ ಎಂದು ಹಾಕಬಹುದು ಎಂದ. ಏನನ್ನು ತಡೆಯುವ ಗೋಡೆ ಎಂದು ಯಾರೂ ಕೇಳಲಿಲ್ಲ. ಟಾರಿನ ರಸ್ತೆ ಆ ವರ್ಷ ಆಗಲಿಲ್ಲ. ಮಿಕ್ಕ ಹಣ ತಾರಾನಾಥನ ಕಡೆಯ ಮೋರಿಗೆ ಹೋಯಿತು.

ಕೆಲಸ ಸುರುವಾದ ದಿನ ಮೇಸ್ತ್ರಿ ಕಿಟ್ಟ ಕೆಂಪು ಕಲ್ಲು ರಾಶಿ ಹಾಕಿ, "ಎಷ್ಟು ಎತ್ತರ?" ಎಂದು ಕೇಳಿದ. ಯಾರ ತಲೆಯ ಎತ್ತರ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಬೆಳಗಿನ ಟೆಂಪೋಗೆ ಬಂದ ಹೆಂಗಸರು ಒಬ್ಬೊಬ್ಬರಾಗಿ ಅವನು ನೆಟ್ಟ ಗೂಟದ ಪಕ್ಕ ನಿಂತರು. ಅಕ್ಕುವಿನ ಗಲ್ಲಕ್ಕೆ ಬಂದ ಗುರುತು ಇನ್ನೊಬ್ಬಳ ಎದೆಗೆ ಬಂತು, ಮತ್ತೊಬ್ಬಳ ಕಣ್ಣಿಗೆ. ಒಬ್ಬಳಿಗೆ ಸರಿಯಾದರೆ ಒಬ್ಬಳಿಗೆ ತಪ್ಪು. ವಾದ ಬಿಸಿಯಾಗಿ, ಯಾರ ಗಂಡನ ಅಜ್ಜಿ ಕುಳ್ಳಿ ಎಂಬಲ್ಲಿಯ ತನಕ ಹೋಯಿತು. ವೇದಾವತಿ ನೋಡುತ್ತ ನಿಂತಿದ್ದಳು. ಹೊರೆ ಎಂದರೆ ಒಂದೇ ಎಂದುಕೊಂಡಿದ್ದಳು. ಅದರ ಕೆಳಗೆ ಇಷ್ಟು ಬೇರೆ ಬೇರೆ ಎತ್ತರದ ಹೆಂಗಸರಿದ್ದಾರೆ. ಕೊನೆಗೆ ಕಿಟ್ಟ, "ಎರಡು ಎತ್ತರ ಮಾಡುವ. ಆ ಕಡೆ ಉದ್ದದವರು, ಈ ಕಡೆ ಗಿಡ್ಡದವರು," ಎಂದ. ನೋಡಲು ಅದು ಅರ್ಧಕ್ಕೆ ನಿಲ್ಲಿಸಿದ ಮೆಟ್ಟಿಲಿನ ಹಾಗೆ ಕಂಡಿತು. ಪಡುಬೈಲಿನವರು ಎಷ್ಟೋ ದಿನ ಅದನ್ನು ನೋಡಿ, ಸರಕಾರದ ಕೆಲಸ, ಪೂರ್ತಿ ಮಾಡಲಿಲ್ಲ ಎಂದು ಹೇಳಿಕೊಂಡರು.

ಮಳೆಗಾಲ ಬಂತು. ರಾಮದಾಸರು ಕೆಸರಿನಲ್ಲಿ ಸೈಕಲ್ಲು ಎತ್ತಿಕೊಂಡೇ ಮನೆಗೆ ಬಂದರು, ಏನೂ ಹೇಳಲಿಲ್ಲ. ಹೇಳದೆ ಇರುವುದು ಅವರಿಗೆ ಸುಲಭವಾಗಿರಲಿಲ್ಲ ಎಂಬುದು ಅಂಗಳದಲ್ಲಿ ಅವರು ಕಾಲು ತೊಳೆಯುವ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಊಟದ ಹೊತ್ತಿನಲ್ಲಿ ಇಬ್ಬರೂ ಬೇರೆ ಮಾತಾಡುತ್ತಿದ್ದರು.

ಮಳೆ ಬಿಟ್ಟ ಒಂದು ಬೆಳಿಗ್ಗೆ ವೇದಾವತಿ ಉಡುಪಿಗೆ ಹೋಗಲು ಹೆದ್ದಾರಿಯಲ್ಲಿ ನಿಂತಿದ್ದಳು. ಮೂಡಣದ ದಾರಿಯಿಂದ ಒಬ್ಬ ಹೆಂಗಸು ಬಂದಳು. ಈ ಊರಿನವಳಲ್ಲ, ಮೀನಿನವಳೂ ಅಲ್ಲ. ಅವಳ ತಲೆಯ ಮೇಲಿನ ಅಗಲವಾದ ಕುಕ್ಕೆಯಲ್ಲಿ ಹುಲ್ಲಿನ ನಡುವೆ ಮಣ್ಣಿನ ಮಡಕೆಗಳು ಒಂದರ ಮೇಲೊಂದು ಕೂತಿದ್ದವು. ಕಟ್ಟೆಯ ಹತ್ತಿರ ಬಂದವಳು ನಿಂತಳು, ಅದನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು, ಗಿಡ್ಡದವರ ಕಡೆಗೆ ಹೋಗಿ ಮುಖ ಮಾಡಿ ನಿಂತು ಕುಕ್ಕೆಯನ್ನು ಮೆಲ್ಲಗೆ ಮುಂದಕ್ಕೆ ಜಾರಿಸಿದಳು. ಒಂದು ಮಡಕೆಯೂ ಸದ್ದು ಮಾಡಲಿಲ್ಲ. ಸಿಂಬಿ ತೆಗೆದು ಅದರಿಂದಲೇ ಮುಖ ಒರೆಸಿಕೊಂಡು, ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ, ವೇದಾವತಿಯನ್ನು ನೋಡಿದಳು.

"ಇದು ಯಾರು ಕಟ್ಟಿಸಿದ್ದು ಅಮ್ಮ?"

"ಸರಕಾರ," ಎಂದಳು ವೇದಾವತಿ.

ಹೆಂಗಸು ಸಿಮೆಂಟಿನ ಅಂಚನ್ನು ಅಂಗೈಯಿಂದ ಸವರಿದಳು. "ಸರಕಾರಕ್ಕೆ ಕುತ್ತಿಗೆ ಉಂಟಾ?" ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ವೇದಾವತಿಯ ಕೈ ತಾನಾಗಿಯೇ ತನ್ನ ಕುತ್ತಿಗೆಯ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಉಡುಪಿಯ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲು ಹಿಡಿದು ಕರೆದ. ವೇದಾವತಿ ಹೋಗಬೇಕಾಗಿತ್ತು. ಆದರೆ ಹೆಂಗಸು ಸಿಂಬಿಯನ್ನು ಪುನಃ ತಲೆಯ ಮೇಲಿಡುತ್ತಿದ್ದಳು. ಇ‌ಳಿಸಿದ್ದನ್ನು ನೋಡಿಯಾಗಿತ್ತು, ಏರಿಸುವುದನ್ನು ನೋಡಿರಲಿಲ್ಲ. ವೇದಾವತಿ ಕಂಡಕ್ಟರಿಗೆ ಹೋಗಿ ಎಂದು ಕೈ ಮಾಡಿದಳು. ಬಸ್ಸು ಹೊರಟುಹೋಯಿತು. ಹೆಂಗಸು ಕಟ್ಟೆಗೆ ಒತ್ತಿ ನಿಂತು, ಮೊಣಕಾಲು ಮಡಿಸಿ, ಕುಕ್ಕೆಯ ಅಂಚನ್ನು ತನ್ನ ಕಡೆಗೆ ಎಳೆದು ತಲೆಯನ್ನು ಅದರ ಕೆಳಗೆ ಕೊಟ್ಟಳು. ಒಂದು ಉಸಿರು ಹಿಡಿದಳು. ಆಮೇಲೆ ನಿಧಾನವಾಗಿ, ಯಾರ ಮುಖವನ್ನೂ ನೋಡದೆ, ಅಷ್ಟೂ ಮಡಕೆಗಳೊಂದಿಗೆ ಎದ್ದು ನಿಂತಳು.